ವಾರೆ ಕಂಬಕ್ಕೆ ಬಿಟ್ಟ ತುಪ್ಪ

ಒಲೆಯ ಮೇಲೆ ಬೆಣ್ಣೆ ಕಾಯುತ್ತಿದೆ. ಈ ಘಮಕ್ಕೆ ನಿಮಗೆ ಹೋಳಿಗೆ ನೆನಪಾಗಬಹುದು. ನನಗೆ ನೆನಪಾಗುವುದು ಅರಸೀಕೆರೆಯ ಸ್ಮಶಾನ. ನಗಬೇಡಿ, ತಪ್ಪು ನನ್ನದಲ್ಲ, ನಮ್ಮಜ್ಜಿಯದು.

ಅಜ್ಜಿಯ ಅಣ್ಣ ಪರಂಗಿಯವರ ಕಾಲದಲ್ಲಿ ಇಬ್ಬರು ಗೆಳೆಯರ ಜೊತೆ ರೈಲು ಹಳಿ ಕಿತ್ತು ಜೈಲು ಸೇರಿದವನು. ಮೂವರೂ ಅಲ್ಲೇ ತೀರಿಕೊಂಡರು; ಹೆಣ ಊರಿಗೆ ಬರಲಿಲ್ಲ. ಹೂತ ಗುಂಡಿಯೇ ಇಲ್ಲದ ಮೇಲೆ ಸತ್ತವರಿಗೆ ಮೂರನೇ ದಿನ ಎರೆಯುವ ಹಾಲುತುಪ್ಪ ಬಿಡುವುದೆಲ್ಲಿಗೆ? "ನಮ್ಮಣ್ಣ ಇನ್ನೂ ಬಾಯಾರ್ಕೊಂಡೇ ಅವ್ನೆ ಕಣೋ" ಎಂದು ಅಜ್ಜಿ ಹಬ್ಬದೂಟದ ನಡುವೆಯೇ ಎದ್ದುಬಿಡುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಊರಿನವರು ಸಮಿತಿ ಮಾಡಿಕೊಂಡು ಸ್ಮಶಾನದಲ್ಲಿ ಆ ಮೂವರಿಗೆ ಸ್ಮಾರಕ ಕಟ್ಟಿಸಿದರು. ಟೋಪಿ, ಮೀಸೆ, ಬಾವುಟ ಇರುವ ವಿಗ್ರಹ ಬರುತ್ತದೆಂದು ಕಾದರೆ ಎದ್ದದ್ದು ಮೂರು ಬೋಳು ಸಿಮೆಂಟಿನ ಕಂಬ. ಮುಖವಿಲ್ಲ, ಮೂತಿಯಿಲ್ಲ; ಎರಡು ನೆಟ್ಟಗೆ, ಒಂದು ವಾರೆ. "ನೀರಿನ ಟ್ಯಾಂಕು ಅರ್ಧಕ್ಕೇ ನಿಂತೋಯ್ತೇನ್ಲಾ?" ಎಂದು ಕೊಬ್ಬರಿ ಮಂಡಿಯವರು ಆಡಿಕೊಂಡರು. ನಾನೂ ನಕ್ಕೆ.

ಉದ್ಘಾಟನೆಯ ಹಿಂದಿನ ಸಂಜೆ ಅಜ್ಜಿ ನನ್ನನ್ನು ಎಳೆದುಕೊಂಡು ಅಲ್ಲಿಗೆ ಹೋದಳು. ಕಂಬ ಮಾಡಿದ ಶಿಲ್ಪಿ ಅಲ್ಲೇ ಇದ್ದ.

"ಇದ್ರಲ್ಲಿ ನಮ್ಮಣ್ಣ ಯಾವ್ದಪ್ಪಾ?"

"ಹಾಗೆ ಬೇರೆ ಬೇರೆ ಇಲ್ಲಜ್ಜಿ. ಮೂರೂ ಸೇರಿ ಒಂದು ಅರ್ಥ."

"ಅರ್ಥಕ್ಕೆ ಹಾಲು ಬಿಡಕಾಯ್ತದಾ?"

ಕಂಬಗಳನ್ನು ಸುತ್ತಿ ನೋಡಿ ಅಜ್ಜಿ ವಾರೆ ಕಂಬದ ಮುಂದೆ ನಿಂತಳು. "ಇವ್ನೇ. ಬಾಗ್ಲಿಗೆ ಹಿಂಗೇ ಒರಗಿ ನಿಂತ್ಕೊಂಡು ಅಪ್ಪನ ಕೈಲಿ ಬೈಸ್ಕೊಳೋನು." ಸೆರಗಿನಡಿಯಿಂದ ಎರಡು ಚೊಂಬು ಹೊರಬಂದವು. "ಅಯ್ಯೋ, ಸಿಮೆಂಟು ಜಿಡ್ಡು ಕುಡಿಯುತ್ತಜ್ಜಿ!" ಎಂದು ಶಿಲ್ಪಿ ಓಡಿಬರುವಷ್ಟರಲ್ಲಿ ಹಾಲೂ ಸುರಿದಾಗಿತ್ತು, ತುಪ್ಪವೂ ಇಳಿದಾಗಿತ್ತು.

"ಕುಡೀಲಿ ಬುಡಪ್ಪಾ" ಎಂದು ಅಜ್ಜಿ ಅಲ್ಲೇ ಕುಕ್ಕರಿಸಿ ಮನಸಾರೆ ಅತ್ತಳು.

ಹಾಲು ತೊಳೆದರೆ ಹೋಯಿತು, ತುಪ್ಪ ಹೋಗಲಿಲ್ಲ. ಸಮಿತಿಯವರು ಸೋಡಾ ಹಾಕಿ ತಿಕ್ಕಿದರು, ಬೈದರು, ಕೊನೆಗೆ ಒಂದು ದೊಡ್ಡ ಹಾರದಲ್ಲಿ ಮುಚ್ಚಿ ಭಾಷಣ ಮುಗಿಸಿದರು. ಆ ವರ್ಷದ ಹಬ್ಬಕ್ಕೆ ಅಜ್ಜಿ ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡಳು.

ಈಗ ಅಜ್ಜಿಯೂ ಇಲ್ಲ. ನಿನ್ನೆ ಅತ್ತ ಹೋಗಿದ್ದೆ. ಕಂಬಗಳಿಗೆ ಬಿಳಿ ಬಣ್ಣ ಹೊಡೆಯುತ್ತಿದ್ದರು. ತುಪ್ಪದ ಕಲೆ ಹೋಯಿತೇನೋ ಎಂದು ಹತ್ತಿರ ಹೋದೆ. ಬಣ್ಣದವನು ವಾರೆ ಕಂಬ ತೋರಿಸಿ ಗೊಣಗಿದ: "ಈ ಹಾಳು ಜಿಡ್ಡು ನೋಡಿ ಸಾ, ಎಷ್ಟ್ ಬಳಿದ್ರೂ ಎದ್ದೆದ್ದು ಬತ್ತೈತೆ. ನಾಳೆ ಆಯಿಲ್ ಪೇಂಟ್ ಹೊಡೆದ್ರೆ ಮುಚ್ಚೋಯ್ತದೆ ಬುಡಿ."

ಹೊಡೆಯಲಿ, ಪಾಪ, ಅವನ ಕೆಲಸ ಅವನದು. ಬಣ್ಣ ಒಣಗಿದ ಮೇಲೆ ನಾನಿದ್ದೇನಲ್ಲ. ಈ ಬೆಣ್ಣೆ ಕಾಯಿಸುತ್ತಿರುವುದು ಅದಕ್ಕೇ. ಹಾಲು ಅಲ್ಲೇ ಸ್ಟೇಷನ್ ಮುಂದೆ ಸಿಗುತ್ತದೆ.