ಡೈರಿಯ ಮುಂದೆ ತೆಗೆದ ವಿಡಿಯೊ

ಮೊಬೈಲು ಹಿಡಿದುಕೊಂಡು ಮನೆ ಬಾಗಿಲಿಗೆ ಬರುವವರನ್ನು ನಾನು ನಂಬುವವಳಲ್ಲ. ದಿನದ ಕೆಲಸಗಳನ್ನು ರೂಢಿ ಮಾಡಿಸುವ ಥೆರಪಿಸ್ಟ್ ಹುಡುಗಿಯೊಬ್ಬಳು ನಾಗಮಂಗಲದಿಂದ ಬಂದು, ನನ್ನ ತಮ್ಮ ಡೈರಿಗೆ ಹಾಲು ಹಾಕುವುದನ್ನು ವಿಡಿಯೊ ಮಾಡಿಕೊಳ್ಳುತ್ತೇನೆ ಅಂದಾಗ ಮೈಯೆಲ್ಲ ಉರಿದುಹೋಯಿತು. ತಮ್ಮನಿಗೆ ಮೀಸೆ ನರೆಯುವ ವಯಸ್ಸು, ಬುದ್ಧಿ ಮಾತ್ರ ಬೆಳೆದಿಲ್ಲ. ಅವನನ್ನು ನೋಡಿ ನಗುವವರು ನಮ್ಮೂರಲ್ಲೇ ಬೇಕಾದಷ್ಟಿದ್ದಾರೆ. ಇನ್ನು ಊರೂರಿಗೂ ತೋರಿಸಬೇಕೆ?

"ಯಾವ ಚಾನೆಲ್ಲಿಗೆ ಬುಡ್ತೀಯವ್ವ ಇದ್ನ?" ಎಂದು ಕೇಳಿಯೇಬಿಟ್ಟೆ.

"ಯಾವುದಕ್ಕೂ ಇಲ್ಲ ಅಕ್ಕ. ನಿಧಾನಕ್ಕೆ ಓಡಿಸಿ ನೋಡಿದ್ರೆ ಕೈ ಎಲ್ಲಿ ತಪ್ಪುತ್ತೆ ಅಂತ ಗೊತ್ತಾಗುತ್ತೆ."

ಹಾಲು ಚೆಲ್ಲುತ್ತಿದ್ದುದು ನಿಜ. ಕ್ಯಾನಿನಿಂದ ಅಳತೆ ಪಾತ್ರೆಗೆ ಸುರಿಯುವಾಗ ದಿನವೂ ಒಂದಿಷ್ಟು ನೆಲದ ಪಾಲು. ಬೇರೆ ಯಾರನ್ನಾದರೂ ಕಳಿಸಿ ಎಂದು ಡೈರಿಯವರು ಹೇಳಿಯಾಗಿತ್ತು. ಆ ಒಂದು ಕೆಲಸಕ್ಕಾಗಿಯೇ ಅವನು ಬೆಳಿಗ್ಗೆ ಎದ್ದು ತಲೆಗೆ ನೀರು ಹಚ್ಚಿ ಬಾಚಿಕೊಳ್ಳುತ್ತಿದ್ದ. ಅದೂ ಹೋದರೆ ಜಗುಲಿಯೇ ಗತಿ. ಈ ಹುಡುಗಿ, ಇವನ ಕೈಲಾಗುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಹುಡುಕಲು ಬಂದವಳೇ ಸರಿ ಎಂದುಕೊಂಡೆ. ಅವಳು ವಿಡಿಯೊ ತೆಗೆಯುವಷ್ಟು ಹೊತ್ತೂ ಪಕ್ಕದಲ್ಲೇ ನಿಂತು ಆ ಫೋನನ್ನೇ ಕಾದೆ. ಅವ್ವನೂ ಇದ್ದಳು. ತಮ್ಮನನ್ನು ರಸ್ತೆ ದಾಟಿಸಲು ಅವಳು ದಿನವೂ ಜೊತೆಗೆ ಬರುತ್ತಿದ್ದಳು.

ಮನೆಗೆ ಬಂದು ಹುಡುಗಿ ನಮ್ಮಿಬ್ಬರಿಗೂ ಓಡಿಸಿ ತೋರಿಸಿದಳು. ತಮ್ಮನ ಎಡಗೈ ಕ್ಯಾನಿನ ಹಿಡಿಗೆ ಹೋಗುತ್ತದೆ, ಗಟ್ಟಿಯಾಗಿ ಹಿಡಿದು ಎತ್ತುತ್ತದೆ. ಅಷ್ಟರಲ್ಲಿ ಅವನ ಕಣ್ಣು ಅವ್ವನ ಕಡೆ ಹೊರಳುತ್ತದೆ. ಎಡಗೈ ಬಿಸಿ ಮುಟ್ಟಿದಂತೆ ಹಿಂದಕ್ಕೆ ಸರಿದು ಬಲಗೈ ಬರುತ್ತದೆ. ಹಾಲು ಚೆಲ್ಲುವುದು ಆಗ. ಇಷ್ಟು ದಿನ ಇದು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಇವರಿಗೆ ಎಡಗೈಯೇ ರೂಢಿ ಅಮ್ಮ. ಆ ಕೈಲೇ ಸುರೀಲಿ ಬಿಡಿ" ಅಂದಳು ಹುಡುಗಿ.

"ಎಡಗೈಲಿ ಆಲು ಕೊಟ್ರೆ ಲಕ್ಷ್ಮಿ ನಿಂತಾಳೇನವ್ವ ಮನೇಲಿ?" ಎಂದು ಅವ್ವ ಸಿಡುಕಿದಳು.

ಚಿಕ್ಕವನಿದ್ದಾಗಿನಿಂದ ಅವನು ಎಡಗೈ ಚಾಚಿದಾಗಲೆಲ್ಲ ಅವ್ವ ಸೌಟು ತೆಗೆದುಕೊಂಡು ಆ ಕೈಮೇಲೆ ಒಂದೇಟು ಬಿಡುತ್ತಿದ್ದಳು. ಮಾತು ತಲೆಗೆ ಹತ್ತದ ಮಗನಿಗೆ ಏಟಾದರೂ ಹತ್ತಲಿ ಎಂದು. ನನಗೂ ಆ ಹುಡುಗಿ ಡೈರಿಯಲ್ಲಿ ನಮ್ಮನ್ನು ನಗೆಪಾಟಲು ಮಾಡಿಸುತ್ತಾಳೇನೋ ಎಂಬ ಗುಮಾನಿ ಇದ್ದೇ ಇತ್ತು.

"ಒಂದಿನ ನೋಡಾನ. ಚೆಲ್ದ್ರೆ ಇವ್ಳ್ನ ಬಾಗ್ಲಿಗೆ ಸೇರ್ಸ್‌ಬ್ಯಾಡ" ಅಂದಳು ಅವ್ವ ಕೊನೆಗೆ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಅವ್ವನೇ ಅವನ ಎಡಗೈ ಎತ್ತಿ ಕ್ಯಾನಿನ ಹಿಡಿಯ ಮೇಲಿಟ್ಟಳು. ಅವನು ಅವಳ ಮುಖ ನೋಡಿದ. ಮತ್ತೂ ನೋಡಿದ. ಆಮೇಲೆ ಸುರಿದ. ಒಂದು ಹನಿಯೂ ಆಚೆ ಬೀಳಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅವನು ಕ್ಯಾನು ಕೆಳಗಿಟ್ಟ. ಎಡಗೈಯನ್ನು ಅವ್ವನ ಮುಂದೆ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತ.

"ಒಡಿಯಾಕಿಲ್ಲ ಕಣ್ಲಾ ಮಗ, ನಡಿ" ಅಂದಳು ಅವ್ವ.

ಅವನು ನಂಬಲಿಲ್ಲ.