ಆಟ ಎಣಿಸಿ ಮಾರುತ್ತಿದ್ದ ಮಾಮ

ಅವರ ಅಂಗಿಯ ಎದೆಯ ಮೇಲೆ ಯಾವಾಗಲೂ ರಬ್ಬರಿನ ಪುಡಿ ಇರುತ್ತಿತ್ತು. ವಿಡಿಯೋ ಗೇಮ್ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಟಿ.ವಿ.ಯಲ್ಲಿ ಆಡಿ ನೋಡಿದ ಮೇಲೆಯೇ ಮಾರುತ್ತಿದ್ದರು. ಮುಂಬಯಿಯ ವಿಲೆ ಪಾರ್ಲೆಯಲ್ಲಿ, ನಾನು ಗೋರೆಗಾಂವ್‌ನಿಂದ ರೈಲಿನಲ್ಲಿ ಬಂದಿಳಿದು ಕಾಲೇಜಿಗೆ ನಡೆಯುವ ದಾರಿಯಲ್ಲಿ ಅವರ ಅಂಗಡಿ. ಉಡುಪಿ ಕಡೆಯವರು. ಕನ್ನಡದ ನಮಗೆಲ್ಲ ಮಾಮ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕ್ಯಾಸೆಟ್ಟಿನ ಮೇಲೆ ‘೯೯೯ ಆಟ’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಅವೇ ನಾಲ್ಕಾರು ಆಟಗಳು ಬಣ್ಣ ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮಾಮ ಎಲ್ಲವನ್ನೂ ಆಡಿ, ಎಣಿಸಿ, ಬಿಳಿ ಪಟ್ಟಿ ಅಂಟಿಸಿ ನಿಜವಾದ ಸಂಖ್ಯೆ ಬರೆದು ಬೆಲೆ ಕಟ್ಟುತ್ತಿದ್ದರು. “ಹೆಸರು ದೊಡ್ಡದಿದ್ರೆ ಹೊಟ್ಟೆ ತುಂಬ್ತದಾ ಮಾರಾಯ್ತಿ?” ಎನ್ನುತ್ತಿದ್ದರು. ಇಂಥವರಿಗೆ ವ್ಯಾಪಾರ ಕುದುರುವುದುಂಟೇ!

ಟ್ಯೂಷನ್ ಹೇಳಿ ಕೂಡಿಟ್ಟ ಹಣ ಹಿಡಿದು ಒಂದು ದಿನ ಹೋದೆ. ‘ಇಪ್ಪತ್ತು’ ಎಂದು ಬರೆದದ್ದಕ್ಕೆ ಮುನ್ನೂರು ರೂಪಾಯಿ ಎಂದರು. ಗೋರೆಗಾಂವ್ ಸ್ಟೇಷನ್ ಬಳಿ ಅದೇ ಮುನ್ನೂರಕ್ಕೆ ೯೯೯ ಸಿಗುತ್ತಿತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ. ಗಿರಾಕಿಗಳ ಎದುರೇ ಕೂಗಾಡಿದೆ: “ಗೋರೆಗಾಂವ್‌ನಲ್ಲಿ ಇದೇ ದುಡ್ಡಿಗೆ ೯೯೯ ಸಿಗ್ತದೆ. ನಮ್ಮವರು ಅಂತ ಬಂದ್ರೆ ನೀವೇ ಲೂಟ್ ಮಾಡ್ತೀರಲ್ಲಾ, ಮಾಮ!”

ನಿಂತಿದ್ದ ಇಬ್ಬರು ಮೆಲ್ಲಗೆ ಜಾರಿಕೊಂಡರು. ಮಾಮ ರಬ್ಬರು ಕೆಳಗಿಟ್ಟರು.

“ಆ ೯೯೯ರದ್ದನ್ನೇ ತಗೊ ಮಗಾ. ಬೇಜಾರಾದ್ರೆ ಇಲ್ಲಿಗೇ ಬಾ, ಆಯ್ತಾ?”

ಸ್ಟೇಷನ್ ಬಳಿಯದನ್ನೇ ತಂದು ಆಡಿದೆ. ಒಳಗೆ ನಾಲ್ಕೇ ಆಟ. ಯಾವ ಮುಖ ಹೊತ್ತು ಹೋಗಲಿ? ಮೂರು ತಿಂಗಳು ಬೇರೆ ಗಲ್ಲಿಯಿಂದ ಸುತ್ತಿ ಕಾಲೇಜಿಗೆ ಹೋದೆ.

ಪರೀಕ್ಷೆ ಮುಗಿದ ದಿನ ಕ್ಷಮೆ ಕೇಳಲು ಹೋದರೆ, ಸ್ಟೂಲಿನ ಮೇಲೆ ಅವರ ಹೆಂಡತಿ. ಮಾಮ ಎದೆನೋವಿನಿಂದ ತೀರಿಕೊಂಡು ತಿಂಗಳಾಗಿತ್ತು. ಮಾಮಿ ಅಂಗಡಿ ಖಾಲಿ ಮಾಡಿ ಊರಿಗೆ ಹೊರಟಿದ್ದರು. ಪಟ್ಟಿ ಅಂಟಿಸದ ಒಂದು ಡಬ್ಬ ಕ್ಯಾಸೆಟ್ ಉಳಿದಿತ್ತು.

“ಮೇಲೆ ಬರ್ದದ್ದು ಉಂಟಲ್ಲ, ಅದನ್ನೇ ಹೇಳಿ ಮಾರಿ ಅಂತಾರೆ ಎಲ್ಲ. ನಿನ್ನ ಮಾಮನಿಗೆ ಅದು ಆಗ್ತಿರ್ಲಿಲ್ಲ. ಎಣಿಸ್ಲಿಕ್ಕೆ ನಂಗೆ ಗೊತ್ತಿಲ್ಲ ಮಗಾ.”

ನಾಲ್ಕು ದಿನ ಅಲ್ಲೇ ಕೂತು ಆಡಿದೆ, ಎಣಿಸಿದೆ, ಬರೆದೆ. ಕಣ್ಣು ಮಂಜಾಗಿ ಕೆಲವನ್ನು ಎರಡೆರಡು ಸಲ ಎಣಿಸಬೇಕಾಯಿತು. ಅಷ್ಟು ದುಃಖ ಯಾವ ಆಟದಲ್ಲೂ ಸೋತಾಗ ಆಗಿರಲಿಲ್ಲ.

ಕೊನೆಯ ಸಂಜೆ ಕಾಲೇಜಿನವನೊಬ್ಬ ಪಟ್ಟಿ ನೋಡಿ ರೇಗಿದ. “ಏಳೇ ಆಟಕ್ಕೆ ಇಷ್ಟಾ? ಲೂಟ್ ಮಾಡ್ತೀರಿ!”

“ಬೇರೆ ಕಡೆಯೇ ತಗೊಳ್ಳಿ,” ಎಂದೆ. “ಬೇಜಾರಾದ್ರೆ...”

ಇಲ್ಲಿಗೇ ಬಾ ಎನ್ನಲು ನಾಳೆ ಆ ಅಂಗಡಿ ಇರುತ್ತಿರಲಿಲ್ಲ.