ಬೇಡಿಕೊಳ್ಳದ ಮನವಿ

ಲೋಕಸಭೆ ಚುನಾವಣೆಯ ದಿನ ಹಂಗಳದ ಗುರುಮಲ್ಲಮ್ಮ ಬಿಸಿಲೇರುವ ಮೊದಲೇ ಮತಗಟ್ಟೆಗೆ ಹೋಗಿದ್ದಳು. ಪಟ್ಟಿ ಹಿಡಿದು ಕೂತಿದ್ದ ಹುಡುಗ ಅವಳ ಗುರುತಿನ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದ.

"ನಿಮ್ಮ ಹೆಸರು ತೆಗೆದಿದ್ದಾರಮ್ಮ. ಊರು ಬಿಟ್ಟು ಹೋಗಿದ್ದೀರಿ ಅಂತ ಬರೆದಿದ್ದಾರೆ."

"ಊರು ಬುಟ್ಟಿದ್ದೀನಾ? ಮತ್ತೆ ನಿನ್ ಮುಂದೆ ನಿಂತಿರೋಳು ಯಾರ್ಲಾ?"

ಸಾಲಿನಲ್ಲಿದ್ದವರು ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪ್ರತಿ ವರ್ಷದಂತೆ ಆ ವರ್ಷವೂ ಅವಳು ಕಾಫಿ ಕೊಯ್ಲಿಗೆಂದು ಎರಡು ತಿಂಗಳು ವಯನಾಡಿಗೆ ಹೋಗಿದ್ದಳು. ಆಗ ಯಾರೋ ಬಂದು, ಬಾಗಿಲ ಬೀಗ ನೋಡಿ, ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆದು ಹೋಗಿದ್ದರು. ಪಕ್ಕದ ಮನೆಯವರನ್ನೂ ಕೇಳಿರಲಿಲ್ಲ. ಜೊತೆಗೆ ಕೊಯ್ಲಿಗೆ ಹೋಗಿದ್ದ ಪುಟ್ಟಮಲ್ಲಮ್ಮನ ಹೆಸರೂ ಇರಲಿಲ್ಲ.

ತಾಲ್ಲೂಕು ಕಚೇರಿಗೆ ಹೋದರೆ ಗುಮಾಸ್ತ ಹೊಸ ಮತದಾರರ ಅರ್ಜಿ ಮುಂದಿಟ್ಟ.

"ನಾನೇನು ಒಸಬಳಾ? ಇಪ್ಪತ್ತೆಂಟು ವರ್ಸದಿಂದ ಓಟು ಆಕಿವ್ನಿ. ಅಳ್ಸಿದೋರು ನೀವು, ನೀವೇ ಬರ್ಕಳಿ," ಎಂದು ಅರ್ಜಿಯನ್ನು ತಳ್ಳಿ ಬಂದಳು.

ಗುಂಡ್ಲುಪೇಟೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಮಲಯಾಳಿ ಸನ್ಯಾಸಿನಿ ಸಿಸ್ಟರ್ ಆನ್ಸಿ ಈ ಸುದ್ದಿ ಕೇಳಿ ಅವಳನ್ನು ಕರೆಸಿದರು. ನೋಟಿಸು ಕೈಗೆ ಕೊಡದೆ, ಊರಲ್ಲೇ ವಿಚಾರಣೆ ಮಾಡದೆ ಯಾರ ಹೆಸರನ್ನೂ ತೆಗೆಯಬಾರದೆಂದು ಕಾನೂನು ತರಬೇಕು; ಅದಕ್ಕಾಗಿ ಸರ್ಕಾರಕ್ಕೆ ಕಳಿಸುವ ಮನವಿಗೆ ಅವರ ಚರ್ಚಿನವರು ಸಹಿ ಸಂಗ್ರಹಿಸುತ್ತಿದ್ದರು.

"ಚರ್ಚಿನೋರ್ ಜೊತೆ ಸೇರ್ಕಂಡ್ಯಾ? ನಾಳೆ ಜಾತಿನೂ ಬುಡ್ತೀಯಾ?" ಎಂದು ಊರಿನ ರಂಗಸ್ವಾಮಿ ಕೆಣಕಿದ.

"ನನ್ ಎಸ್ರು ತೆಗ್ದಾಗ ನೀನೆಲ್ಲಿ ಸತ್ತಿದ್ದೆ? ಅವ್ರು ಕೇಳುದ್ರು, ನೀನು ಕೇಳ್ಲಿಲ್ಲ," ಎಂದು ಅವಳು ಅವನ ಮುಂದೆಯೇ ಗುಂಡ್ಲುಪೇಟೆಯ ಬಸ್ಸು ಹತ್ತಿದಳು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಫಾದರ್ ಎಲ್ಲರೆದುರು ಮನವಿ ಓದಿದರು. "ವಿನಮ್ರವಾಗಿ ಬೇಡಿಕೊಳ್ಳುತ್ತೇವೆ" ಎಂಬಲ್ಲಿಗೆ ಬಂದಾಗ ಹಿಂದಿನ ಬೆಂಚಿನಿಂದ ಗುರುಮಲ್ಲಮ್ಮ ಎದ್ದಳು.

"ಅದ್ನ ಒಡ್ದಾಕಿ ಸಾಮಿ. ಬೇಡ್ಕಳದು ನಿಮ್ ದೇವ್ರ ತಾವ, ನಮ್ ಮಾದಪ್ಪನ ತಾವ. ಇದು ನಮ್ದು. ಕಿತ್ಕಂಡೋರ್ನ ಯಾಕ್ ಬೇಡ್ಬೇಕು?"

ಫಾದರ್ ಜೇಬಿನಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿ, "ಕಾನೂನು ಮಾಡಬೇಕು" ಎಂದಷ್ಟೇ ಬರೆದರು. ಮೊದಲ ಸಹಿ ಅವಳದೇ ಆಯಿತು.

ಆದರೂ ಹೊಸ ಅರ್ಜಿ ತುಂಬದೆ ವಿಧಿಯಿರಲಿಲ್ಲ. "ಕೋಪ ಇಟ್ಟುಕೊಳ್ಳಿ ಚೇಚಿ, ಅಕ್ಕಾ, ಓಟು ಬಿಡಬೇಡಿ," ಎಂದು ಸಿಸ್ಟರ್ ವಾರಗಟ್ಟಲೆ ಹೇಳಿದ ಮೇಲೆ ಹಲ್ಲು ಕಚ್ಚಿ ಸಹಿ ಹಾಕಿದಳು. ಕೆಲವು ತಿಂಗಳಿಗೆ ಅವಳ ಹೆಸರು ಪಟ್ಟಿಗೆ ಬಂತು. ಜೊತೆಗೇ ಅರ್ಜಿ ಹಾಕಿದ್ದ ಪುಟ್ಟಮಲ್ಲಮ್ಮನದು ಬರಲಿಲ್ಲ, ದಾಖಲೆ ಸಾಲದು ಅಂದರಂತೆ. ದೆಹಲಿಗೆ ಹೋದ ಮನವಿಗೆ ತಲುಪಿದೆ ಎಂಬ ಎರಡು ಸಾಲಿನ ಉತ್ತರ ಬಂತು, ಅಷ್ಟೆ.

ಸಿಹಿ ಹಂಚೋಣ ಎಂದ ಸಿಸ್ಟರ್ ಮೇಲೆ ಗುರುಮಲ್ಲಮ್ಮ ರೇಗಿದಳು. "ಅರ್ಧ ಕೊಟ್ಟವ್ರೆ. ಅದಕ್ಯಾಕೆ ಸಿಹಿ?" ಎಂದವಳೇ ಪುಟ್ಟಮಲ್ಲಮ್ಮನ ಕೈ ಹಿಡಿದುಕೊಂಡು ಮತ್ತೆ ಕಚೇರಿಯ ಮೆಟ್ಟಿಲು ಹತ್ತಿದಳು.